ಮುಟ್ಟು ನಿಲ್ಲುವ ಕಾಲ: ಮನೆಯ ಯಜಮಾನರೂ ಓದಬೇಕಾದ ನಾಲ್ಕು ಮಾತು



ಈ ಪುಟದಲ್ಲಿ ಸಾಮಾನ್ಯವಾಗಿ ಬೋರ್ಡೊ ದ್ರಾವಣದ ಪ್ರಮಾಣ, ಹೂಮಳೆಯ ಲೆಕ್ಕ, ಅಡಿಕೆ ಧಾರಣೆಯ ಏರಿಳಿತ, ಸಾಲ ಮರುಪಾವತಿಯ ಕಡೆಯ ದಿನ ಮೊದಲಾದ ವಿಷಯಗಳನ್ನು ಬರೆಯುವುದು ಕಾರ್ಯದರ್ಶಿಯಾದ ನನ್ನ ರೂಢಿ. ಈ ಬಾರಿ ಅದನ್ನು ಬಿಟ್ಟು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ತಲೆಬರಹ ನೋಡಿ ಕೆಲವರು ಹುಬ್ಬೇರಿಸಬಹುದು, ಕೆಲವರು ಪುಟ ಮಗುಚಬಹುದು. ಮಗುಚುವ ಮೊದಲು ಒಂದು ಮಾತು. ನಮ್ಮ ಸಂಘದ ಬಹುತೇಕ ಎಲ್ಲ ಮನೆಗಳಲ್ಲೂ ನಲವತ್ತು ದಾಟಿದ ಒಬ್ಬ ಹೆಂಗಸಿದ್ದಾರೆ. ತೋಟದ ಲೆಕ್ಕ, ಆಳುಗಳ ಊಟ, ದನ-ಕರು, ಸುಗ್ಗಿ ಎಲ್ಲವೂ ಅವರ ಹೆಗಲ ಮೇಲಿದೆ. ಅವರ ಮೈಯಲ್ಲಿ ಏನು ನಡೆಯುತ್ತಿದೆ ಎಂಬುದು ಮನೆಯ ಯಜಮಾನನಿಗೆ ತಿಳಿಯದಿದ್ದರೆ ಎಷ್ಟು ದೊಡ್ಡ ತಪ್ಪಾಗಬಹುದೆಂಬುದನ್ನು ನಾನು ನನ್ನ ಮನೆಯಲ್ಲೇ ಕಂಡೆ. ಮನೆಯಾಕೆಯ ಒಪ್ಪಿಗೆ ಪಡೆದು, ಆಕೆಗೆ ಓದಿ ಹೇಳಿದ ಮೇಲೆಯೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ.

ನಮ್ಮ ಮನೆಯಲ್ಲಿ ನಡೆದದ್ದು

ಮೂರು ವರ್ಷದ ಹಿಂದಿನ ಮಾತು. ಆಗ ನನ್ನಾಕೆಗೆ ನಲವತ್ತೇಳು. ಅಡಿಕೆ ಸುಲಿತದ ದಿನಗಳು. ಹೊರಗೆ ಕೊರೆಯುವ ಚಳಿಯಿದ್ದರೂ ರಾತ್ರಿ ಎದ್ದು ಕಿಟಕಿ ತೆರೆಯುತ್ತಿದ್ದಳು. ರವಿಕೆ ನೆನೆದು ತೊಪ್ಪೆಯಾಗಿರುತ್ತಿತ್ತು. ಹಗಲಲ್ಲಿ ಮಾತಾಡುತ್ತಿದ್ದ ಹಾಗೆಯೇ ಮುಖ ಕೆಂಪೇರಿ, ಕುತ್ತಿಗೆಯಿಂದ ಬೆವರು ಹರಿಯುತ್ತಿತ್ತು. ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಿದ್ದಳು. ಸಣ್ಣ ಮಾತಿಗೂ ಸಿಡುಕು, ಮರುಗಳಿಗೆಗೆ ಕಣ್ಣಲ್ಲಿ ನೀರು. ನಾನು ಹೃದಯದ ತೊಂದರೆಯೆಂದು ಹೆದರಿ ಇ.ಸಿ.ಜಿ. ತೆಗೆಸಿದೆ. ಅದರಲ್ಲಿ ಏನೂ ಇರಲಿಲ್ಲ. "ಏನೂ ಇಲ್ಲವಂತೆ, ಸುಮ್ಮನೆ ತಲೆಗೆ ಹಚ್ಚಿಕೊಳ್ಳಬೇಡ" ಎಂದೆ. ಆ ಮಾತು ಆಡಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಅಸಲು ವಿಷಯ ಮೊದಲು ಹೇಳಿದವರು ಡಾಕ್ಟರಲ್ಲ. ಮೂವತ್ತು ವರ್ಷದಿಂದ ನಮ್ಮಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹಿರಿಯ ಹೆಂಗಸು. "ಅಮ್ಮಾ, ಇದು ಒಳಗಿನ ಬೆಂಕಿ. ಮುಟ್ಟು ನಿಲ್ಲೋ ಹೊತ್ತಿಗೆ ಹಿಂಗೇ ಆಗ್ತದೆ. ನಂಗೂ ಎರಡು ವರ್ಷ ಇತ್ತು, ಯಾರಿಗೆ ಹೇಳೋದು ಅಂತ ಸುಮ್ಮನಿದ್ದೆ" ಎಂದರಂತೆ. ಅದೇ ಸಮಯಕ್ಕೆ ಮುಟ್ಟೂ ಅಂಕೆ ತಪ್ಪಿತ್ತು. ಎರಡು ತಿಂಗಳು ಇಲ್ಲ, ಆಮೇಲೆ ಹನ್ನೆರಡು ದಿನ ನಿಲ್ಲದ ಸ್ರಾವ. ಆಕೆ ಬಿಳಚಿಕೊಂಡು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಂತಾದಳು.

ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದೆ. ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಯಿತು. "ಗರ್ಭಕೋಶದಲ್ಲಿ ಗಡ್ಡೆಯಿದೆ. ಮಕ್ಕಳು ದೊಡ್ಡವರಾದರಲ್ಲ, ಇನ್ನು ಅದರಿಂದ ಏನುಪಯೋಗ? ಅಂಡಾಶಯವನ್ನೂ ಸೇರಿಸಿ ತೆಗೆದುಬಿಡೋಣ, ಮುಂದೆ ಕ್ಯಾನ್ಸರಿನ ಭಯವೂ ಇರುವುದಿಲ್ಲ" ಎಂದರು. ಸಂಕ್ರಾಂತಿ ಕಳೆದ ಮೇಲೆ ಎಂದು ದಿನವೂ ಗೊತ್ತಾಯಿತು. ಸಂಘದ ಕಚೇರಿಗೆ ಬಂದು ನನ್ನ ಹೆಸರಿಗೇ ತುರ್ತು ಸಾಲದ ಅರ್ಜಿ ತುಂಬಿಸಿದೆ.

ಅರ್ಜಿಯ ಕಡತ ತೆಗೆದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹಿಂದಿನ ವರ್ಷಗಳಲ್ಲಿ ಇದೇ ಕಾರಣಕ್ಕೆ ಸಾಲ ಪಡೆದವರ ಅರ್ಜಿಗಳು ಅದರಲ್ಲಿದ್ದವು. ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಊರು ಚಿಕ್ಕದು. ಒಂದೆರಡರಲ್ಲಿ ರೋಗಿಯ ವಯಸ್ಸು ಮೂವತ್ತೈದನ್ನೂ ದಾಟಿರಲಿಲ್ಲ. ಎಲ್ಲವಕ್ಕೂ ಶಿಫಾರಸು ಬರೆದು ಸಹಿ ಹಾಕಿದವನು ನಾನೇ. ಜಾಮೀನುದಾರರು ಯಾರು, ಬೆಳೆ ಎಷ್ಟು ಎಂದು ವಿಚಾರಿಸಿದ್ದೆ. ಬೇರೆ ಏನನ್ನೂ ವಿಚಾರಿಸಿರಲಿಲ್ಲ.

ಯಲಹಂಕದಲ್ಲಿ ಕಲಿತ ಪಾಠ

ನನ್ನ ನಾದಿನಿಯ ಮನೆ ಯಲಹಂಕ ಉಪನಗರದಲ್ಲಿದೆ. ಜಿ.ಕೆ.ವಿ.ಕೆ.ಯ ಕೃಷಿ ಮೇಳಕ್ಕೆ ಹೋದಾಗಲೆಲ್ಲ ನಮ್ಮ ಬಿಡಾರ ಅಲ್ಲೇ. ಆ ವರ್ಷವೂ ಮೇಳಕ್ಕೆಂದು ಇಬ್ಬರೂ ಹೋಗಿದ್ದೆವು. ಆಪರೇಷನ್ನಿನ ಸುದ್ದಿ ಕೇಳಿ ನಾದಿನಿ, "ಭಾವ, ಒಂದು ಎಕರೆ ತೋಟ ಕೊಳ್ಳುವುದಿದ್ದರೆ ಎರಡು ಕಡೆ ವಿಚಾರಿಸುತ್ತೀರಿ. ಅಕ್ಕನ ಹೊಟ್ಟೆ ಕೊಯ್ಯಿಸಲು ಒಬ್ಬರ ಮಾತು ಸಾಕೇ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನವೇ ಅಲ್ಲಿಯ ಒಬ್ಬ ಸ್ತ್ರೀರೋಗ ತಜ್ಞೆಯ ಬಳಿಗೆ ಹೋದೆವು.

ಆಕೆ ನಮ್ಮಿಬ್ಬರನ್ನೂ ಕೂರಿಸಿ ಮುಕ್ಕಾಲು ಗಂಟೆ ಮಾತಾಡಿದರು. ನಾನು ಎದ್ದು ಹೊರಗೆ ಹೋಗಲು ನೋಡಿದಾಗ, "ಯಜಮಾನರೇ, ನೀವೂ ಕೂತುಕೊಳ್ಳಿ. ನೀವು ಕೇಳಿಸಿಕೊಳ್ಳದಿದ್ದರೆ ಅರ್ಧ ಔಷಧಿ ವ್ಯರ್ಥ" ಎಂದರು. ಸ್ಕ್ಯಾನ್, ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್, ಗರ್ಭಕೋಶದ ಒಳಪದರದ ಚೂರೊಂದನ್ನು ತೆಗೆದು ಪರೀಕ್ಷೆ, ಇಷ್ಟನ್ನೂ ಮಾಡಿಸಿದರು. ಕ್ಯಾನ್ಸರ್ ಇರಲಿಲ್ಲ. ಗಡ್ಡೆ ಇದ್ದದ್ದು ನಿಜ. ಆದರೆ ಅದು ಚಿಕ್ಕ ಗೋಲಿಯಷ್ಟು, ಮುಟ್ಟು ನಿಂತ ಮೇಲೆ ತಾನಾಗಿಯೇ ಕುಗ್ಗುವಂಥದ್ದು. ರಕ್ತ ಮಾತ್ರ ಬಹಳ ಇಳಿದಿತ್ತು. ಕಬ್ಬಿಣದ ಮಾತ್ರೆ, ಸ್ರಾವ ಹೆಚ್ಚಿರುವ ದಿನಗಳಿಗೆ ಬೇರೆ ಮಾತ್ರೆ, ಮೂರು ತಿಂಗಳಿಗೊಮ್ಮೆ ಬಂದು ತೋರಿಸುವುದು, ಇಷ್ಟೇ ಚಿಕಿತ್ಸೆ. ಒಂದೂವರೆ ವರ್ಷದಲ್ಲಿ ಮುಟ್ಟು ನಿಂತಿತು. ಸಾಲದ ಅರ್ಜಿಯನ್ನು ನಾನೇ ಹರಿದು ಹಾಕಿದೆ.

ಅಲ್ಲಿ ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ನಿವೇದಿಸುತ್ತೇನೆ.

ಮೈಯೊಳಗೆ ನಡೆಯುವುದೇನು?

ಹೆಣ್ಣುಮಗು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಹೊಸದಾಗಿ ಆಮೇಲೆ ಹುಟ್ಟುವುದಿಲ್ಲ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು-ನಾಲ್ಕು ಲಕ್ಷ. ಜೀವಮಾನದಲ್ಲಿ ಬಲಿತು ಹೊರಬರುವುದು ಸುಮಾರು 400 ಮಾತ್ರ, ಉಳಿದವು ತಾವಾಗಿ ನಶಿಸುತ್ತವೆ. ಬಲಿಯುವ ಅಂಡಾಣುವಿನ ಸುತ್ತಲಿನ ಕೋಶಗಳೇ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ತಯಾರಿಸುವುದು. ಈ ಹಾರ್ಮೋನನ್ನು ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ದು 1929ರಲ್ಲಿ. ಇದು ಗರ್ಭಕೋಶಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮೂಳೆ, ರಕ್ತನಾಳ, ಚರ್ಮ, ಮೂತ್ರಕೋಶ, ಮಿದುಳು ಎಲ್ಲಕ್ಕೂ ಬೇಕಾದದ್ದು.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಫ್.ಎಸ್.ಎಚ್. ಎಂಬ ಹಾರ್ಮೋನಿನ ಮೂಲಕ ಅಂಡಾಶಯಕ್ಕೆ ಆಜ್ಞೆ ಕಳಿಸುತ್ತದೆ. ಅಂಡಾಣುಗಳ ದಾಸ್ತಾನು ಮುಗಿಯುತ್ತ ಬಂದಾಗ ಅಂಡಾಶಯ ಹಿಂದಿನಂತೆ ಓಗೊಡುವುದಿಲ್ಲ. ಆಗ ಪಿಟ್ಯುಟರಿ ಇನ್ನಷ್ಟು ಒತ್ತಾಯಿಸುತ್ತದೆ. ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ನಾವು ಪಂಪನ್ನು ಹೆಚ್ಚು ಹೊತ್ತು ಓಡಿಸುತ್ತೇವಲ್ಲ, ಹಾಗೆ. ಒಂದು ದಿನ ನೀರು ರಭಸದಿಂದ ಬರುತ್ತದೆ, ಮರುದಿನ ಬರೀ ಗಾಳಿ. ಮುಟ್ಟು ನಿಲ್ಲುವುದಕ್ಕೆ ಮುಂಚಿನ ನಾಲ್ಕಾರು ವರ್ಷ ಈಸ್ಟ್ರೋಜೆನ್ ಹೀಗೆಯೇ ಏರಿ ಇಳಿಯುತ್ತದೆ. ಮುಟ್ಟಿನ ಏರುಪೇರು, ಸಿಡುಕು, ಬೆವರು ಈ ಏರಿಳಿತದಿಂದಲೇ. ಕೊನೆಗೆ ನೀರು ತಳ ಮುಟ್ಟುತ್ತದೆ. ಒಂದು ಇಡೀ ವರ್ಷ, ಅಂದರೆ ಸತತ ಹನ್ನೆರಡು ತಿಂಗಳು ಮುಟ್ಟು ಕಾಣದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಆ ವರ್ಷ ಕಳೆಯುವವರೆಗೆ ಗರ್ಭ ನಿಲ್ಲುವ ಸಾಧ್ಯತೆಯೂ ಇದ್ದೇ ಇರುತ್ತದೆ. ಐವತ್ತಕ್ಕಿಂತ ಕಿರಿಯರು ಎರಡು ವರ್ಷ ಎಚ್ಚರವಾಗಿರುವುದು ಲೇಸು.

ಹನ್ನೆರಡರಲ್ಲಿ ಆರಂಭವಾಗಿ ಐವತ್ತಕ್ಕೆ ಮುಗಿಯುವುದೆಂದು ಸುಶ್ರುತ ಸಂಹಿತೆಯಲ್ಲೇ ಹೇಳಿದೆ. ಇಂದು ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ ವಯಸ್ಸು 51. ನಮ್ಮ ದೇಶದಲ್ಲಿ ಅದು ಸುಮಾರು 46. 40ರಿಂದ 45ರೊಳಗೆ ನಿಂತರೆ ಬೇಗನೆ ಎಂದೂ, 40ಕ್ಕೆ ಮೊದಲೇ ನಿಂತರೆ ಅಕಾಲಿಕ ಎಂದೂ ಲೆಕ್ಕ. ಬೆಂಗಳೂರಿನ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯ ಸಂಶೋಧಕರು 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಆಧರಿಸಿ 2005ರಲ್ಲಿ ಈ ವಿಷಯವನ್ನು ದೇಶದ ಗಮನಕ್ಕೆ ತಂದರು. ನಲವತ್ತು ತುಂಬುವ ಮೊದಲೇ ಮುಟ್ಟು ನಿಂತ ಮಹಿಳೆಯರು ನಮ್ಮಲ್ಲಿ ಅಪರೂಪವಲ್ಲ. ಅವರಲ್ಲೂ ಹಳ್ಳಿಯವರು, ಓದು ಸಿಗದವರು, ಹೊಲ-ತೋಟಗಳಲ್ಲಿ ದುಡಿಯುವವರು ಹೆಚ್ಚು ಎಂಬುದು ಆ ಅಧ್ಯಯನದ ಸಾರ. ಬೀಡಿ-ಸಿಗರೇಟಿನ ಹೊಗೆಯೂ ಋತುಬಂಧವನ್ನು ಒಂದೆರಡು ವರ್ಷ ಹಿಂದಕ್ಕೆಳೆಯುತ್ತದೆ.

ಲಕ್ಷಣಗಳು

ಎಲ್ಲರಿಗೂ ಎಲ್ಲ ಲಕ್ಷಣಗಳೂ ಬರುವುದಿಲ್ಲ. ಕೆಲವರಿಗೆ ಮುಟ್ಟು ನಿಂತದ್ದೇ ಗೊತ್ತಾಗದಷ್ಟು ಸುಲಭವಾಗಿ ಕಳೆಯುತ್ತದೆ. ಆದರೂ ಸಾಮಾನ್ಯವಾಗಿ ಕಾಣುವ ಲಕ್ಷಣಗಳು ಇವು.

ಮೊದಲನೆಯದು, ಮೈ ಬಿಸಿಯೇರುವುದು. ನಮ್ಮ ದೇಹದ ಶಾಖವನ್ನು ಹದದಲ್ಲಿಡುವ ಕೇಂದ್ರ ಮಿದುಳಿನ ಹೈಪೋಥಲಾಮಸ್‌ನಲ್ಲಿದೆ. ಈಸ್ಟ್ರೋಜೆನ್ ಇಳಿದಾಗ ಈ ಕೇಂದ್ರ ಅತಿ ಸೂಕ್ಷ್ಮವಾಗುತ್ತದೆ. ಶಾಖ ತುಸುವೇ ಹೆಚ್ಚಿದರೂ ಮೈ ಕಾದಿದೆಯೆಂದು ತಿಳಿದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಒಮ್ಮೆ ಬಂದರೆ ಒಂದರಿಂದ ಐದು ನಿಮಿಷ ಇರುತ್ತದೆ, ಆಮೇಲೆ ಚಳಿ. ರಾತ್ರಿ ಬಂದರೆ ನಿದ್ರೆ ಕೆಡುತ್ತದೆ. ಅಮೆರಿಕದಲ್ಲಿ ಬಹುಕಾಲ ನಡೆಸಿದ ಒಂದು ಅಧ್ಯಯನದಲ್ಲಿ, ಇದು ಪದೇ ಪದೇ ಬರುತ್ತಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಏಳು ವರ್ಷಕ್ಕೂ ಮೀರಿ ಮುಂದುವರಿದಿತ್ತು.

ಎರಡನೆಯದು, ನಿದ್ರಾಹೀನತೆ, ಮರೆವು, ಸಿಡುಕು, ಕಾರಣವಿಲ್ಲದ ದುಃಖ. ಇದು ಸ್ವಭಾವ ಕೆಟ್ಟದ್ದಲ್ಲ. ನಿದ್ರೆಗೆಟ್ಟು ಆರು ತಿಂಗಳು ಕಳೆದರೆ ಯಾವ ಗಂಡಸೂ ಸಿಡುಕದೆ ಇರಲಾರ.

ಮೂರನೆಯದು, ಯಾರೂ ಬಾಯಿಬಿಟ್ಟು ಹೇಳದ್ದು. ಜನನಾಂಗದ ಒಳಪದರ ತೆಳುವಾಗಿ, ಒಣಗಿ, ಉರಿ-ನವೆ ಬರುತ್ತದೆ. ದಾಂಪತ್ಯದಲ್ಲಿ ನೋವಾಗುತ್ತದೆ. ಕೆಮ್ಮಿದರೆ, ನಕ್ಕರೆ, ಭಾರ ಎತ್ತಿದರೆ ಮೂತ್ರ ತೊಟ್ಟಿಕ್ಕಬಹುದು. ಉರಿಮೂತ್ರ ಪದೇ ಪದೇ ಬರಬಹುದು. ಬಿಸಿಯೇರುವುದು ಕಾಲ ಕಳೆದಂತೆ ಕಡಿಮೆಯಾಗುತ್ತದೆ, ಇದು ಹಾಗಲ್ಲ, ಚಿಕಿತ್ಸೆಯಿಲ್ಲದೆ ಹೋದರೆ ಹೆಚ್ಚುತ್ತಲೇ ಹೋಗುತ್ತದೆ. ಹಚ್ಚಿಕೊಳ್ಳುವ ಮುಲಾಮಿನಿಂದ ಬಹಳಷ್ಟು ಗುಣವಾಗುವ ತೊಂದರೆ ಇದು. ಹೆಂಡತಿ ದೂರ ಸರಿದಳೆಂದು ಮುನಿಯುವ ಗಂಡಂದಿರು ಇದನ್ನು ಅವಶ್ಯ ತಿಳಿದಿರಬೇಕು.

ನಾಲ್ಕನೆಯದು, ಸದ್ದಿಲ್ಲದೆ ನಡೆಯುವುದು. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ವೇಗವಾಗಿ ಕರಗುತ್ತದೆ. ಕೆಟ್ಟ ಕೊಬ್ಬು ಹೆಚ್ಚಿ, ಅಲ್ಲಿಯವರೆಗೆ ಹೃದಯಕ್ಕಿದ್ದ ರಕ್ಷಣೆ ತಗ್ಗುತ್ತದೆ. ಅಂಗಳದ ಹಾವಸೆಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ಹೆಂಗಸರು ನಮ್ಮೂರಲ್ಲಿ ಎಷ್ಟಿಲ್ಲ! ಮಳೆಯನ್ನೂ ಹಾವಸೆಯನ್ನೂ ದೂರಿ ಸುಮ್ಮನಾಗುತ್ತೇವೆ.

ತಡಮಾಡಬಾರದ ಲಕ್ಷಣಗಳು

"ವಯಸ್ಸಿನದು, ಹೋಗುತ್ತದೆ" ಎಂದು ಎಲ್ಲವನ್ನೂ ತಳ್ಳಿಹಾಕುವುದೂ ತಪ್ಪು. ಕೆಳಗಿನವು ಕಂಡರೆ ಕೊಯ್ಲು ನಿಂತರೂ ಸರಿ, ಡಾಕ್ಟರರಲ್ಲಿಗೆ ಹೋಗತಕ್ಕದ್ದು.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಪರೀಕ್ಷೆ ಆಗಲೇಬೇಕು. ಇಂಥವರಲ್ಲಿ ಹೆಚ್ಚು ಮಂದಿಗೆ ಕಾರಣ ಸಣ್ಣದೇ. ಆದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ, ಬೇಗ ಕಂಡುಹಿಡಿದರೆ ಅದು ಗುಣವಾಗುವಂಥದ್ದು. ಮುಟ್ಟು ಇನ್ನೂ ಇರುವಾಗಲೂ ಒಂದು ವಾರ ಮೀರಿದ ಸ್ರಾವ, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದಷ್ಟು ಸ್ರಾವ, ಎರಡು ಮುಟ್ಟಿನ ನಡುವೆ ಅಥವಾ ಸಂಪರ್ಕದ ನಂತರ ರಕ್ತ, ಸ್ತನದಲ್ಲಿ ಗಂಟು, ನಲವತ್ತಕ್ಕೆ ಮೊದಲೇ ಮುಟ್ಟು ನಿಂತದ್ದು, ಬದುಕೇ ಬೇಡವೆನ್ನಿಸುವಷ್ಟು ಖಿನ್ನತೆ, ಇವೂ ಅದೇ ಪಟ್ಟಿಗೆ ಸೇರಿದವು. ಥೈರಾಯ್ಡ್ ತೊಂದರೆಯೂ ಇದೇ ವೇಷದಲ್ಲಿ ಬರುವುದರಿಂದ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಉಚಿತ.

ಮೂವತ್ತು ದಾಟಿದ ಎಲ್ಲರಿಗೂ ರಕ್ತದೊತ್ತಡ, ಸಕ್ಕರೆ, ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಯಾವಾಗ ಎಂದು ತಿಳಿಯುತ್ತದೆ.

ಗರ್ಭಕೋಶ ತೆಗೆಸುವ ಮುನ್ನ

ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು. ಕಲಬುರಗಿ ಜಿಲ್ಲೆಯಲ್ಲಿ ನಡೆದದ್ದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿರಬಹುದು. ಅಲ್ಲಿಯ ಲಂಬಾಣಿ ತಾಂಡಾಗಳ ನೂರಾರು ಬಡ ಮಹಿಳೆಯರು ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋಗಿ, ಕ್ಯಾನ್ಸರ್ ಬರುತ್ತದೆಂಬ ಹೆದರಿಕೆಗೆ ಒಳಗಾಗಿ ಗರ್ಭಕೋಶ ಕಳೆದುಕೊಂಡು ಬಂದರು. ಇಪ್ಪತ್ತು-ಮೂವತ್ತರ ಹರೆಯದವರೂ ಅವರಲ್ಲಿದ್ದರು. 2015ರಲ್ಲಿ ಅವರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ ವಿಷಯ ರಾಜ್ಯಕ್ಕೆಲ್ಲ ತಿಳಿಯಿತು.

ಇದು ಒಂದು ಜಿಲ್ಲೆಯ ಕಥೆಯಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಮೂವರಿಗೆ ಈ ಶಸ್ತ್ರಚಿಕಿತ್ಸೆಯಾಗಿತ್ತು. ಅದರಲ್ಲಿ ಮೂರನೇ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ನಡೆದದ್ದು. ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದ ಕಾರಣ ಅತಿಸ್ರಾವ ಅಥವಾ ಮುಟ್ಟಿನ ನೋವು, ಅಂದರೆ ಅನೇಕ ವೇಳೆ ಮಾತ್ರೆಯಿಂದ ಸರಿಪಡಿಸಬಹುದಾದದ್ದು. ಡಾ. ನರೇಂದ್ರ ಗುಪ್ತಾ ಎಂಬವರು ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ತೀರ್ಪು ನೀಡಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಜಿಲ್ಲಾ ಮಟ್ಟದಲ್ಲಿ ಉಸ್ತುವಾರಿ ಸಮಿತಿ ಇರಬೇಕೆಂಬುದೂ ಅದರಲ್ಲಿದೆ.

ಅಂಡಾಶಯವನ್ನೂ ಸೇರಿಸಿ ತೆಗೆದರೆ ಆಗುವುದೇನು? ನಾಲ್ಕಾರು ವರ್ಷದಲ್ಲಿ ಮೆಲ್ಲಗೆ ಇಳಿಯಬೇಕಾದ ಈಸ್ಟ್ರೋಜೆನ್ ಒಂದೆರಡು ದಿನದಲ್ಲಿ ಬಿದ್ದುಹೋಗುತ್ತದೆ. ಮೇಲೆ ಹೇಳಿದ ಲಕ್ಷಣಗಳೆಲ್ಲ ಒಟ್ಟಿಗೆ, ಇಮ್ಮಡಿ ಬಿರುಸಿನಿಂದ ಬರುತ್ತವೆ. ಮೂವತ್ತೈದರ ಹೆಂಗಸಿಗೆ ಐವತ್ತೈದರ ಮೂಳೆಯ ಅಪಾಯ, ಹೃದಯದ ಅಪಾಯ ಅಂಟಿಕೊಳ್ಳುತ್ತದೆ. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೂ ಋತುಬಂಧ ಕೆಲವು ವರ್ಷ ಬೇಗ ಬರುವುದುಂಟು.

ತಪ್ಪು ತಿಳಿಯಬಾರದು. ಕ್ಯಾನ್ಸರ್ ಇದ್ದಾಗ, ಬೇರೆ ಯಾವ ಚಿಕಿತ್ಸೆಗೂ ಬಗ್ಗದ ಸ್ರಾವವಿದ್ದಾಗ, ದೊಡ್ಡ ಗಡ್ಡೆಯಿದ್ದಾಗ, ಗರ್ಭಕೋಶ ಪೂರ್ತಿ ಜಾರಿದಾಗ ಈ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ, ನೆಮ್ಮದಿ ಕೊಡುತ್ತದೆ. ಅಗತ್ಯವಿದ್ದವರು ಹೆದರಿ ಮುಂದೂಡಬಾರದು. ಆದರೆ ಕತ್ತಿಗೆ ಮೊದಲು ನಾಲ್ಕು ಪ್ರಶ್ನೆ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕಾಯಿಲೆಯ ಹೆಸರೇನು, ಅದನ್ನು ಯಾವ ಪರೀಕ್ಷೆಯಿಂದ ಖಚಿತಪಡಿಸಿದ್ದೀರಿ? ಮಾತ್ರೆ ಅಥವಾ ಹಾರ್ಮೋನು ಇರುವ ವಂಕಿಯಿಂದ ಪ್ರಯತ್ನಿಸಬಹುದೇ? ಆರು ತಿಂಗಳು ಕಾದರೆ ಏನಾಗುತ್ತದೆ? ಅಂಡಾಶಯ ಉಳಿಸುತ್ತೀರಾ, ಇಲ್ಲವಾದರೆ ಏಕೆ? ಉತ್ತರ ಸಮಾಧಾನ ತರದಿದ್ದರೆ ವರದಿಗಳನ್ನು ಕೈಲಿ ಹಿಡಿದು ಇನ್ನೊಬ್ಬ ತಜ್ಞರನ್ನು ಕಾಣಿರಿ. ಶಿವಮೊಗ್ಗದ ಮೆಗ್ಗಾನ್, ಬೆಂಗಳೂರಿನ ವಾಣಿವಿಲಾಸ ಮೊದಲಾದ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗಗಳಿವೆ.

ಹಾರ್ಮೋನು ಚಿಕಿತ್ಸೆ: ಹೆದರಿಕೆ ಮತ್ತು ವಾಸ್ತವ

ಕಡಿಮೆಯಾದ ಈಸ್ಟ್ರೋಜೆನ್ನನ್ನು ಹೊರಗಿನಿಂದ ಕೊಡುವ ಚಿಕಿತ್ಸೆ ಬಹಳ ಹಳೆಯದು. ಮೈ ಬಿಸಿಯೇರುವುದಕ್ಕೆ ಇದಕ್ಕಿಂತ ಪರಿಣಾಮಕಾರಿಯಾದದ್ದು ಇನ್ನೊಂದಿಲ್ಲ. 2002ರ ಜುಲೈಯಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದಾಗ ಲೋಕವೆಲ್ಲ ಬೆಚ್ಚಿತು. ಅದರಲ್ಲಿ 16,608 ಮಹಿಳೆಯರಿದ್ದರು. ಎರಡು ಹಾರ್ಮೋನುಗಳನ್ನು ಸೇವಿಸಿದ 10,000 ಮಂದಿಯಲ್ಲಿ ವರ್ಷಕ್ಕೆ 8 ಸ್ತನ ಕ್ಯಾನ್ಸರ್, 8 ಪಾರ್ಶ್ವವಾಯು, 7 ಹೃದಯದ ತೊಂದರೆ ಹೆಚ್ಚು ಕಂಡವು. ಸೊಂಟದ ಮೂಳೆ ಮುರಿತ 5 ಕಡಿಮೆಯಾಗಿತ್ತು. ಆದರೆ ಆ ಮಹಿಳೆಯರ ಸರಾಸರಿ ವಯಸ್ಸು 63. ಅಂಕಿ-ಅಂಶಗಳನ್ನು ಮತ್ತೆ ಜಾಲಾಡಿದಾಗ ತಿಳಿದದ್ದೇನೆಂದರೆ, ಅರುವತ್ತರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಆರಂಭಿಸಿದರೆ, ಬೇರೆ ಕಾಯಿಲೆಯಿಲ್ಲದ ಹೆಚ್ಚಿನ ಮಹಿಳೆಯರಿಗೆ ಅಪಾಯಕ್ಕಿಂತ ಪ್ರಯೋಜನವೇ ಅಧಿಕ.

ಗರ್ಭಕೋಶವಿರುವವರು ಬರೀ ಈಸ್ಟ್ರೋಜೆನ್ ಸೇವಿಸಬಾರದು. ಒಳಪದರ ಕೆಡದಂತೆ ಜೊತೆಗೆ ಪ್ರೊಜೆಸ್ಟೆರಾನ್ ಬೇಕು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದವರು, ಹೃದಯಾಘಾತ-ಪಾರ್ಶ್ವವಾಯು ಆದವರು, ಯಕೃತ್ತಿನ ಕಾಯಿಲೆಯವರು, ಕಾರಣ ತಿಳಿಯದ ಸ್ರಾವವಿರುವವರು ತೆಗೆದುಕೊಳ್ಳಕೂಡದು. ಇಂಥವರಿಗೆ ಹಾರ್ಮೋನಲ್ಲದ ಮಾತ್ರೆಗಳೂ ಇವೆ. ಔಷಧಿ ಅಂಗಡಿಯಲ್ಲಿ ಕೇಳಿ ಕೊಳ್ಳುವ ಸರಕು ಇದಲ್ಲ.

ನನ್ನಾಕೆಗೆ ಹಾರ್ಮೋನು ಬೇಕಾಗಲಿಲ್ಲ. ತಡೆದುಕೊಳ್ಳಬಲ್ಲೆ ಎಂದಳು, ಡಾಕ್ಟರೂ ಒಪ್ಪಿದರು. ಯಲಹಂಕದ ನಾದಿನಿಗೆ ನಲವತ್ತಮೂರಕ್ಕೇ ಮುಟ್ಟು ನಿಂತಿತ್ತು. ಅಷ್ಟು ಬೇಗ ನಿಂತವರಿಗೆ ಸಹಜ ವಯಸ್ಸು ಬರುವವರೆಗಾದರೂ ಹಾರ್ಮೋನು ಕೊಡುವುದು ಮೂಳೆಗೂ ಹೃದಯಕ್ಕೂ ಹಿತವೆಂದು ಅವಳಿಗೆ ಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ತಪಾಸಣೆ ನಡೆಯುತ್ತದೆ. ಒಂದೇ ಮನೆಯ ಅಕ್ಕ-ತಂಗಿಯರಿಗೆ ಎರಡು ಬಗೆಯ ಚಿಕಿತ್ಸೆ.

ಊಟ, ಬಿಸಿಲು, ದುಡಿಮೆ ಮತ್ತು ಕಾಫಿ

ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1,200 ಮಿಲಿಗ್ರಾಂ ಸುಣ್ಣದಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ನಮ್ಮ ಕಡೆಯ ಊಟ ಅನ್ನಪ್ರಧಾನ. ನೂರು ಗ್ರಾಂ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು ಸುಣ್ಣದಂಶವಿದ್ದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಬಯಲುಸೀಮೆಯವರ ಮುದ್ದೆಯನ್ನು ನೋಡಿ ನಗುವ ಮಲೆನಾಡಿಗರು ಇದನ್ನು ಗಮನಿಸಬೇಕು. ಜಿಪಿಯು-28 ರಾಗಿ ತಳಿ ಹೊರಬಂದ ಜಿ.ಕೆ.ವಿ.ಕೆ. ಆವರಣಕ್ಕೆ ವರ್ಷವರ್ಷವೂ ಹೋಗುವ ನಾನು ಅಲ್ಲಿಂದ ಕರಿಮೆಣಸಿನ ಬಳ್ಳಿಯನ್ನಷ್ಟೇ ತರುತ್ತಿದ್ದೆ. ಈಗ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ವಾರಕ್ಕೆ ನಾಲ್ಕು ದಿನ ರಾಗಿರೊಟ್ಟಿ. ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು, ಮೀನು ತಿನ್ನುವವರಿಗೆ ಮುಳ್ಳುಸಹಿತ ಸಣ್ಣ ಮೀನು, ಎಲ್ಲವೂ ಒಳ್ಳೆಯವೇ. ಬೇಳೆ-ಕಾಳಿನ ಪಾಲೂ ಹೆಚ್ಚಬೇಕು.

ಸುಣ್ಣದಂಶ ಮೈಗೆ ಹತ್ತಲು ಡಿ ವಿಟಮಿನ್ ಬೇಕು, ಅದು ತಯಾರಾಗುವುದು ಚರ್ಮದ ಮೇಲೆ ಬಿಸಿಲು ಬಿದ್ದಾಗ. ಇಡೀ ದಿನ ತೋಟದಲ್ಲಿದ್ದೇವೆ, ಬಿಸಿಲಿಗೇನು ಕೊರತೆ ಎನ್ನಬೇಡಿ. ಕಾಫಿ ಗಿಡದ ಮೇಲಿನ ನೆರಳು, ಅಡಿಕೆ ಮರದ ಕೆಳಗಿನ ನೆರಳು ನಮ್ಮ ಮೇಲೂ ಬೀಳುತ್ತದೆ. ಮಳೆಗಾಲದ ನಾಲ್ಕು ತಿಂಗಳು ಸೂರ್ಯನ ಮುಖವೇ ಕಾಣುವುದಿಲ್ಲ. ಬಿಸಿಲಿರುವ ದಿನಗಳಲ್ಲಿ ಅಂಗಳದಲ್ಲಿ ಅರ್ಧ ಗಂಟೆ ತೋಳು-ಕಾಲಿಗೆ ಬಿಸಿಲು ತಾಗಿಸುವುದು, ಕಡಿಮೆಯಿದ್ದರೆ ಡಾಕ್ಟರರ ಸಲಹೆಯಂತೆ ಮಾತ್ರೆ, ಇವು ಸರಳ ಉಪಾಯ. ಮನೆಗೆಲಸ ಎಷ್ಟೇ ಇದ್ದರೂ ಬಿರುಸಿನ ನಡಿಗೆಗೆ ಅದು ಸಾಟಿಯಲ್ಲ. ನಾದಿನಿ ಬೆಳಗ್ಗೆ ಯಲಹಂಕ ಕೆರೆಯ ಕಡೆಗೆ ಅರ್ಧ ಗಂಟೆ ನಡೆಯುತ್ತಾಳೆ, ನಾವಿಬ್ಬರು ಸಂಜೆ ರಸ್ತೆಯ ತಿರುವಿನವರೆಗೆ ಹೋಗಿ ಬರುತ್ತೇವೆ.

ಇನ್ನು ಕಾಫಿ. ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯಲು ಕೈ ನಡುಗುತ್ತದೆ, ಆದರೂ ಬರೆಯಬೇಕು. ಕಾಫಿ ಕುಡಿಯುವವರಲ್ಲಿ ಬಿಸಿಯೇರುವಿಕೆ, ಬೆವರು ಹೆಚ್ಚು ಬಾಧಿಸುತ್ತದೆಂದು ಅಮೆರಿಕದ ಮೇಯೊ ಕ್ಲಿನಿಕ್‌ನವರು 2014ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಹಾಗಾಗುತ್ತದೆಂದಲ್ಲ. ಕಾಫಿಗೂ ಬಿಸಿಯೇರುವುದಕ್ಕೂ ಸಂಬಂಧವಿದೆಯೇ ಎಂದು ಎರಡು ವಾರ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಬೆಳಗಿನ ಒಂದು ಲೋಟ ಇರಲಿ, ಮಧ್ಯಾಹ್ನದ ಮೇಲೆ ಬೇಡ ಎಂಬುದು ನಮ್ಮ ಮನೆಯ ಈಗಿನ ಕಟ್ಟಳೆ. ಕಬ್ಬಿಣದ ಮಾತ್ರೆಯನ್ನಂತೂ ಕಾಫಿ-ಚಹಾದ ಜೊತೆ ನುಂಗಲೇಬಾರದು, ಮೈಗೆ ಹತ್ತುವುದಿಲ್ಲ. ಒಂದೆರಡು ಗಂಟೆ ಅಂತರವಿರಲಿ, ನಿಂಬೆ ಪಾನಕದ ಜೊತೆಗಾದರೆ ಉತ್ತಮ.

ಮನೆಯವರು ಮಾಡಬಹುದಾದದ್ದು

ತೀರ್ಥಹಳ್ಳಿಯ ಕಡೆಯವರೇ ಆದ ಡಾ. ಅನುಪಮಾ ನಿರಂಜನ ಅವರು ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನೇ ಬರೆದರು. ನಮ್ಮ ತಾಯಂದಿರ ಪೆಟ್ಟಿಗೆಯಲ್ಲಿ ಅವು ಇದ್ದವು, ಗಂಡಸರಾದ ನಾವು ಕೈಗೆತ್ತಿಕೊಳ್ಳಲಿಲ್ಲ. ಅದರ ಬಾಕಿಯನ್ನು ಈಗಲಾದರೂ ತೀರಿಸೋಣ. ಮಲಗುವ ಕೋಣೆಗೆ ಗಾಳಿಯಾಡಲಿ. ಒಲೆಯ ಮುಂದಿನ ಕೆಲಸವನ್ನು, ಅದರಲ್ಲೂ ಅಡಿಕೆ ಬೇಯಿಸುವ ಹಂಡೆಯ ಬಳಿಯ ಕೆಲಸವನ್ನು ಆ ಕಾಲಕ್ಕೆ ಬೇರೆಯವರು ಹೊರಲಿ. ಡಾಕ್ಟರರಲ್ಲಿಗೆ ಜೊತೆಗೆ ಹೋಗಿ, ಒಳಗೂ ಕೂತು ಕೇಳಿರಿ. ಮುಟ್ಟು ಬಂದ ದಿನ, ಎಷ್ಟು ದಿನ ಇತ್ತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಡಾಕ್ಟರರಿಗೆ ಅದೇ ದೊಡ್ಡ ಸಹಾಯ. ತೋಟಕ್ಕೆ ಬರುವ ಹೆಣ್ಣಾಳುಗಳಿಗೂ ಇದೇ ವಯಸ್ಸು, ಇದೇ ಬಾಧೆ. ಅವರಿಗೆ ಕುಡಿಯುವ ನೀರು, ಶೌಚಾಲಯ, ನೆರಳಲ್ಲಿ ಕೂರಲು ಹತ್ತು ನಿಮಿಷ ಕೊಡುವುದು ನಮ್ಮ ಕೈಯಲ್ಲೇ ಇದೆ.

ಸಂಘದ ಮಟ್ಟಿಗೆ ಎರಡು ಸೂಚನೆಗಳನ್ನು ಆಡಳಿತ ಮಂಡಳಿಯ ಮುಂದಿಟ್ಟಿದ್ದೇನೆ. ಸದಸ್ಯರ ಮನೆಯ ಕಾಯಿಲೆಯನ್ನು ಕೆದಕುವುದು ಸಂಘದ ಕೆಲಸವಲ್ಲ. ಆದ್ದರಿಂದ ಪ್ರಶ್ನೆ ಕೇಳುವ ಬದಲು, ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳಿರುವ ಒಂದು ಚೀಟಿಯನ್ನು ವೈದ್ಯಕೀಯ ಸಾಲದ ಪ್ರತಿ ಅರ್ಜಿಯ ಜೊತೆ ಕೊಡುವುದು ಒಂದು. ಎರಡನೆಯ ತಜ್ಞರನ್ನು ಕಾಣಲು ಹೋಗಿಬರುವ ಖರ್ಚಿಗೆ ಚಿಕ್ಕ ಮೊತ್ತವನ್ನು ಜಾಮೀನಿಲ್ಲದೆ ಮುಂಗಡ ನೀಡುವುದು ಇನ್ನೊಂದು. ಮುಂದಿನ ಮಹಾಸಭೆಯಲ್ಲಿ ಇದು ಚರ್ಚೆಗೆ ಬರಲಿದೆ. ಸದಸ್ಯರು ಸಭೆಗೆ ಒಬ್ಬರೇ ಬಾರದೆ ಮನೆಯವರನ್ನೂ ಕರೆತರಬೇಕೆಂದು ವಿನಂತಿ. ಅಂದು ಊಟಕ್ಕೆ ರಾಗಿರೊಟ್ಟಿಯೂ ಇರುತ್ತದೆ.

ಕೊನೆಯದಾಗಿ, ಈ ಲೇಖನ ಓದಿ ಹೇಳಿದಾಗ ನನ್ನಾಕೆ ಒಂದು ತಿದ್ದುಪಡಿ ಸೂಚಿಸಿದಳು. "ಎಲ್ಲಾ ಬರೆದಿದ್ದೀರಿ. ಮೊದಲು ಹೇಳಿದ್ದು ಅಡಿಕೆ ಸುಲಿಯೋ ಅಜ್ಜಿ ಅಂತ ಬರೆದಿರಿ, ಆಕೆಗೆ ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ ಅಂತ ಬರೆಯಲಿಲ್ಲ" ಎಂದಳು. ಅದನ್ನೂ ಸೇರಿಸಿದ್ದೇನೆ. ಕಳೆದ ತಿಂಗಳು ಇಬ್ಬರೂ ಸೇರಿ ಆಕೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತಪಾಸಣೆ ಮಾಡಿಸಿ ಬಂದೆವು.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ